ಮೊದಲ ಹೆಸರು

ಪೀಣ್ಯದ ಆ ಕಾರ್ಖಾನೆಯಲ್ಲಿ ಪಾಳಿ ಶುರುವಾಗುವ ಮೊದಲು ಎಲ್ಲರೂ ಅಂಗಳದಲ್ಲಿ ವ್ಯಾಯಾಮ ಮಾಡಬೇಕು. ಧ್ವನಿವರ್ಧಕದಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಎಣಿಕೆ ಕೇಳಿಬರುತ್ತದೆ. ಎದುರಿನ ಕಟ್ಟೆಯ ಮೇಲೆ ನಿಂತು ನೀಲಪ್ಪ ಮಾಡಿ ತೋರಿಸುತ್ತಾನೆ. ಯಾರ ಕೈ ಭುಜಕ್ಕಿಂತ ಮೇಲೇಳುವುದಿಲ್ಲವೋ ಅವರ ಹೆಸರನ್ನು ಸೂಪರ್‌ವೈಸರ್ ಶ್ರೀಧರ್‌ಗೆ ಹೇಳುವುದೂ ಅವನದೇ ಕೆಲಸ. ಗುತ್ತಿಗೆಯವರಾದರೆ ಮರುವಾರ ಅವರು ಗೇಟಿನಲ್ಲಿ ಕಾಣಿಸುವುದಿಲ್ಲ.

ಈಗ ನೋವು ನೀಲಪ್ಪನ ಮೈಗೇ ಬಂದಿತ್ತು. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ತಿಳಿದ ಮೇಲೆ ದಿನಕ್ಕೊಂದು ಮಾತ್ರೆ ಶುರುವಾಗಿತ್ತು. ಕೆಲವು ವಾರಗಳಲ್ಲೇ ಎರಡೂ ತೊಡೆ, ಎರಡೂ ಭುಜ ನೋಯತೊಡಗಿದವು. ಬಸ್ಕಿ ಹೊಡೆದ ದಿನವಂತೂ ಚಿಕ್ಕಬಾಣಾವರದ ಬಾಡಿಗೆ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದೇ ಹತ್ತಬೇಕು. ಮಾತ್ರೆ ಬಿಡೋಣವೆಂದರೆ ಭಯ. ಅವನ ಅಣ್ಣ ಕೆಲಸದ ನಡುವೆಯೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಭಾನುವಾರ ಅವನು ಆಸ್ಪತ್ರೆಯಿಂದ ಬಂದಾಗ ಹೆಂಡತಿ ಚನ್ನಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಡಾಕ್ಟರಮ್ಮ ಏನಂದ್ರು?"

"ಈ ಮಾತ್ರಿಯಿಂದ ಕೆಲವ್ರಿಗೆ ಹಿಂಗ ಮೈ ನೋಯ್ತೈತಂತ. ನಾವಾಗೇ ಬಿಡಬಾರ್ದಂತ. ರಕ್ತ ಕೊಟ್ಟು ಬಂದೀನಿ, ಅದನ್ನ ನೋಡಿ ಮುಂದಿಂದು ಹೇಳ್ತಾರ. ಅಲ್ಲೀತನಕ ಬಸ್ಕಿ ಬ್ಯಾಡ ಅಂದ್ರು."

"ಮತ್ತ ಬಿಡ್ರಿ!"

"ಕಟ್ಟಿ ಮ್ಯಾಲ ನಿಂತಾಂವ ಬಿಟ್ರ, ನನ್ನ ಹೆಸ್ರು ಹೇಳಾಕ ಕೆಳಗ ಸಾಲುಗಟ್ಟಿ ನಿಂತಾರ."

"ನೀವು ಹೇಳಿದ್ರಿ, ಅವ್ರೂ ಹೇಳ್ತಾರ" ಎಂದಳು ಚನ್ನಕ್ಕ, ತಲೆಯೆತ್ತದೆ. ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಆ ಮಾತು ಅವನಿಗೆ ನಾಟಿತು.

ಸೋಮವಾರ ಕಟ್ಟೆ ಹತ್ತುವಾಗಲೇ ಶ್ರೀಧರ್ ನಕ್ಕ. "ಏನ್ ಗುರು, ಹೀರೋ ಇವತ್ತು ಸ್ಲೋ?" ಮತ್ತೆ ದನಿ ತಗ್ಗಿಸಿ, "ಆ ಯಮನೂರನ್ನ ನೋಡ್ಕೊ. ಎಡಗೈ ಏಳ್ತಾನೇ ಇಲ್ಲ ಅಂತಾರೆ. ನಂಗೂ ಪಾಪ ಅನ್ಸುತ್ತೆ ಕಣಯ್ಯ. ಆದ್ರೆ ಮೆಷಿನ್ ಹತ್ರ ಏನಾದ್ರೂ ಆದ್ರೆ ನನ್ನ ಕೆಲ್ಸ ಹೋಗುತ್ತೆ" ಎಂದ.

ಎಣಿಕೆ ಶುರುವಾಯಿತು. ಎರಡನೇ ಸಾಲಿನಲ್ಲಿ ಹೆಲ್ಪರ್ ಯಮನೂರನ ಎಡಗೈ ಎದೆಯ ಮಟ್ಟದಲ್ಲೇ ನಿಂತಿತ್ತು. ಅವನು ಶ್ರೀಧರ್‌ನನ್ನು ನೋಡುತ್ತಿರಲಿಲ್ಲ, ನೀಲಪ್ಪನನ್ನೇ ನೋಡುತ್ತಿದ್ದ.

ಬಸ್ಕಿಯ ಸರದಿ ಬಂತು. ನೀಲಪ್ಪ ಕುಳಿತ. ಏಳಲು ಹೋದರೆ ತೊಡೆ ಒಪ್ಪಲಿಲ್ಲ. ಧ್ವನಿವರ್ಧಕ ಮುಂದಿನ ಎಣಿಕೆಗೆ ಹೋಯಿತು. ಸಾಲುಗಳು ಎದ್ದವು, ಅವನು ಏಳಲಿಲ್ಲ. ಇಡೀ ಅಂಗಳದ ಕಣ್ಣು ಅವನ ಮೇಲಿತ್ತು. ಕಾಲು ಜಾರಿತು ಎಂದು ನಗಬಹುದಿತ್ತು. ಆ ನಗು ತುಟಿಯವರೆಗೂ ಬಂದಿತ್ತು.

ಅವನು ಕಟ್ಟೆಯ ಮೇಲೆಯೇ ಕಾಲು ಚಾಚಿ ಕುಳಿತುಬಿಟ್ಟ.

"ಸಾರ್, ಹೆಸ್ರು ಬರ್ಕೋರಿ. ಮೊದಲ್ನೇದು ನೀಲಪ್ಪ."

"ತಮಾಷೆ ಮಾಡ್ಬೇಡ, ಏಳಯ್ಯ."

"ತಮಾಷಿ ಅಲ್ರಿ. ಮಾತ್ರಿ ತಗೊಂಡು ತೊಡಿ ಹಿಡ್ಕೊಂಡಾವ. ಡಾಕ್ಟರ್ ಬಸ್ಕಿ ಬ್ಯಾಡ ಅಂದಾರ. ನಂದು ಬರ್ದ ಮ್ಯಾಲ ಉಳಿದವ್ರದ್ದು ಕೇಳ್ರಿ. ಹೆಸ್ರು ಅಲ್ಲ, ಏನಾಗೇತಿ ಅಂತ ಕೇಳ್ರಿ."

ಶ್ರೀಧರ್ ಏನೂ ಬರೆದುಕೊಳ್ಳಲಿಲ್ಲ. ಎಣಿಕೆ ಮಾತ್ರ ಯಾರಿಗೂ ಬೇಡವಾಗಿ ಸಾಗಿತ್ತು. ಯಮನೂರ ಸಾಲು ಬಿಟ್ಟು ಕಟ್ಟೆಯ ಬಳಿ ಬಂದು, ನೋಯದ ಬಲಗೈ ಚಾಚಿದ.

"ಏಳ್ರಿ ಅಣ್ಣಾ. ಇದರಾಗ ಇನ್ನೂ ಕಸುವೈತಿ."