ಏಳನೆಯ ಮಗ್ಗದ ಸನ್ನೆ

ಸಂಜೆ ಆರಕ್ಕೆ ಮಗ್ಗಗಳು ನಿಂತವು. ಬೆಟಗೇರಿಯ ಆ ಶೆಡ್ಡಿನ ಬಾಗಿಲಲ್ಲಿ ಹದಿನೆಂಟು ಜನ ಸಾಲುಗಟ್ಟಿ, ಒಬ್ಬೊಬ್ಬರಾಗಿ ಬುತ್ತಿಚೀಲ ತೆರೆದು ತೋರಿಸುತ್ತಿದ್ದರು. ನೋಡುತ್ತಿದ್ದವನು ಮಾಲೀಕ ಕಿಶೋರ. ಗದಿಗೆವ್ವನ ಸರದಿ ಬಂದಾಗ ಆಕೆ ಚೀಲವನ್ನು ಅವನೆದುರೇ ಬೋರಲು ಹಾಕಿ ಕೊಡವಿದಳು. ರೊಟ್ಟಿಯ ಚೂರು, ಉಳ್ಳಾಗಡ್ಡಿಯ ಸಿಪ್ಪೆ ನೆಲಕ್ಕೆ ಬಿದ್ದವು.

"ಸರಿಯಾಗಿ ನೋಡ್ಕೊರಿ ಸಾವಕಾರ್ರ. ಉಳ್ಳಾಗಡ್ಡಿ ಸಿಪ್ಪ್ಯಾಗ ರೇಷ್ಮಿ ಸುತ್ಕೊಂಡ ಹೊಂಟೀನಿ."

ಹಿಂದಿನವರು ನಕ್ಕರು. ಕಿಶೋರ ನಗಲಿಲ್ಲ. ಅವನ ತಲೆಯ ಮೇಲೆ, ಬಾಗಿಲಿಗೆ, 'ಕೆಲಸಗಾರರೇ ನಮ್ಮ ಕುಟುಂಬ' ಎಂಬ ಹೊಸ ಬೋರ್ಡು ತೂಗುತ್ತಿತ್ತು. ಹುಬ್ಬಳ್ಳಿಯಲ್ಲಿ ಒಂದು ದಿನದ ತರಬೇತಿಗೆ ಹೋಗಿದ್ದಾಗ, ಜನರನ್ನು ಚೆನ್ನಾಗಿ ನೋಡಿಕೊಂಡರೆ ವ್ಯಾಪಾರ ತಾನಾಗಿ ಬೆಳೆಯುತ್ತದೆ ಎಂದು ಹೇಳಿಕೊಟ್ಟಿದ್ದರು. ಬಂದವನೇ ಬೋರ್ಡು ಬರೆಸಿದ. ಅದೇ ವಾರ ಹುಲಕೋಟಿಯ ಒಂದು ಮದುವೆಯ ಊಟದಲ್ಲಿ, ಯಾರದೋ ಶೆಡ್ಡಿನಲ್ಲಿ ರೇಷ್ಮೆ ಕಳುವಾದ ಸುದ್ದಿ ಕಿವಿಗೆ ಬಿತ್ತು. ಬಂದವನೇ ಕ್ಯಾಮೆರಾ ಹಾಕಿಸಿದ. ಎಂಥ ಕುಟುಂಬವಪ್ಪಾ ಇದು, ಉಂಡೆದ್ದವರ ಬುತ್ತಿ ತಡಕುವ ಕುಟುಂಬ! ಇಷ್ಟಕ್ಕೂ ಇವನ ಶೆಡ್ಡಿನಲ್ಲಿ ಒಂದೆಳೆಯಾದರೂ ಕಳುವಾಗಿತ್ತೇ? ಇಲ್ಲ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕ್ಯಾಮೆರಾ ಬಂದ ಮೇಲೆ ಅವನ ಅನುಮಾನಕ್ಕೆ ಕೈಕಾಲು ಮೂಡಿದವು. ಆಫೀಸಿನ ಪರದೆಯಲ್ಲಿ ಸದ್ದಿಲ್ಲ, ಚಿತ್ರ ಮಾತ್ರ. ಅದರಲ್ಲಿ ಗದಿಗೆವ್ವ ತನ್ನ ಮಗ್ಗದಿಂದಲೇ ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಾಳೆ. ಏಳನೆಯ ಮಗ್ಗದ ಮುದುಕ ಸಿದ್ದಾರೂಢ ಮಗ್ಗ ನಿಲ್ಲಿಸಿ, ನೀರಿನ ಕೊಡದ ಕಡೆ ಹೋಗುತ್ತಾನೆ. ಆಕೆ ಅವನ ಮಗ್ಗಕ್ಕೆ ಬಂದು, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಬಗ್ಗುತ್ತಾಳೆ. ಎರಡು ನಿಮಿಷ ಏನೋ ಮಾಡಿ ಹೋಗುತ್ತಾಳೆ. ದಿನಕ್ಕೆ ಐದಾರು ಸಲ ಇದೇ ಆಟ. ಅಷ್ಟರಲ್ಲಿ ಕಿಶೋರ ಒಳಗೆ ಕಾಲಿಟ್ಟರೆ ಸಾಕು, ಒಬ್ಬರಿಂದೊಬ್ಬರಿಗೆ ಇನ್ನೊಂದು ಸನ್ನೆ ಹರಿದುಹೋಗಿ ಎಲ್ಲರೂ ತಲೆ ತಗ್ಗಿಸುತ್ತಾರೆ.

ಮಗ್ಗ ರಿಪೇರಿ ಮಾಡುವ ಬುಡ್ಡೇಸಾಬನನ್ನು ಕರೆದು ಕೇಳಿದ. "ಅವರೇನೋ ಕೈಸನ್ನಿ ಮಾಡ್ತಾರಲ್ಲ, ಏನದು?"

"ಯಾವ ಸನ್ನಿರಿ? ಸೊಳ್ಳಿ ಹೊಡ್ಕೊಂಡಿರಬೇಕು."

"ಹಾಡಹಗಲಿ ಸೊಳ್ಳಿ?"

"ಗಟಾರ ಬಾಜೂಕ ಐತಲ್ರಿ" ಎಂದು ಬುಡ್ಡೇಸಾಬ ನಟ್ಟು ಬಿಗಿಯುವ ಪಾನಾ ಎತ್ತಿಕೊಂಡು ಹೋಗಿಬಿಟ್ಟ.

ಅವನಾದರೂ ಏಕೆ ಹೇಳಿಯಾನು? ಹೋದ ವರ್ಷ ಅನ್ನಪೂರ್ಣವ್ವ ಬೆರಳು ಬಾತುಕೊಳ್ಳುತ್ತಿವೆ ಎಂದು ಬಾಯಿಬಿಟ್ಟು ಹೇಳಿದ್ದಳು. ಮರುವಾರವೇ ಆಕೆಯ ಮಗ್ಗದಲ್ಲಿ ಬೇರೆಯವರಿದ್ದರು. ಅಂದಿನಿಂದ ಆ ಶೆಡ್ಡಿನಲ್ಲಿ ಯಾರಿಗೂ ನೋವಿಲ್ಲ, ಯಾರಿಗೂ ಜ್ವರವಿಲ್ಲ. ಮಾಲೀಕನಿಗೆ ಅವರ ಮೇಲೆ ಎಷ್ಟು ಗುಮಾನಿಯೋ, ಅವರಿಗೆ ಮಾಲೀಕನ ಮೇಲೆ ಅದರ ಎರಡು ಪಟ್ಟು.

ಗುರುವಾರ ಮಧ್ಯಾಹ್ನ ಕಿಶೋರ ಪರದೆಯ ಮುಂದೆ ಕಾದು ಕುಳಿತ. ಕತ್ತರಿ ಬೆರಳು ಕಂಡದ್ದೇ ತಡ, ಓಡಿಬಂದು ಏಳನೆಯ ಮಗ್ಗದ ಹತ್ತಿರ ಗದಿಗೆವ್ವನ ಮುಂಗೈ ಹಿಡಿದ.

"ಸಿಕ್ಕಿಯಲ್ಲ! ಕಳ್ಳಿ! ಮುಷ್ಟಿ ಬಿಚ್ಚು!"

ಒಂದೊಂದಾಗಿ ಎಲ್ಲ ಮಗ್ಗಗಳೂ ನಿಂತವು. ಆಕೆ ಕೈ ಬಿಡಿಸಿಕೊಂಡು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಗೇಣುದ್ದದ ಒಂದು ಹರಿದ ಎಳೆ ಬಿಟ್ಟರೆ ಏನೂ ಇರಲಿಲ್ಲ.

"ಉಳದದ್ದು ಎಲ್ಲೈತಿ? ಆ ಮಗ್ಗದಾಗ ದಿನಾ ಏನ ಮಾಡ್ತೀ?"

ಕೊಡದ ಹತ್ತಿರದಿಂದ ಸಿದ್ದಾರೂಢ ತಡವರಿಸುತ್ತ ಬಂದ. "ಸಾವಕಾರ್ರ, ಆಕೀದೇನ ತಪ್ಪಿಲ್ರಿ, ನಾನ..."

"ನೀ ಸುಮ್ನಿರು ಮುತ್ಯಾ!" ಗದಿಗೆವ್ವ ಗದರಿದಳು. ಆಮೇಲೆ ಕಿಶೋರನ ಕಡೆ ತಿರುಗಿ, "ಹೌದ್ರಿ, ಕದ್ದೀನಿ. ನನಗೊಬ್ಬಾಕಿಗೇ ಸಂಬಂಧ. ನಾ ಹೊಕ್ಕೀನಿ" ಎಂದಳು. ಚೀಲ ತೆಗೆದುಕೊಂಡು ಹೊರಟೇಹೋದಳು. ಸಿದ್ದಾರೂಢನ ತೋಳನ್ನು ಬುಡ್ಡೇಸಾಬ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಕಿಶೋರನಿಗೆ ಗೆದ್ದೆನೆಂಬ ಸಮಾಧಾನ ಬರಲಿಲ್ಲ. ಕದ್ದವರು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಯೇ? ಸಂಜೆ ಮನೆಯಲ್ಲಿ ನಡೆದದ್ದನ್ನು ಹೇಳಿ, ಮೊಬೈಲಿನಲ್ಲಿ ಅದೇ ದೃಶ್ಯ ತೆಗೆದು ತಾಯಿ ಲಕ್ಷ್ಮೀದೇವಿಗೆ ತೋರಿಸಿದ. ಮಗ ಶೆಡ್ಡಿನ ಲೆಕ್ಕ ಬಲ್ಲವನೇ ಹೊರತು ಮಗ್ಗ ಹಿಡಿದವನಲ್ಲ. ತಾಯಿ ಇಪ್ಪತ್ತು ವರ್ಷ ಅದೇ ಶೆಡ್ಡಿನಲ್ಲಿ ಗಂಡನ ಪಕ್ಕದ ಮಗ್ಗ ನಡೆಸಿದವಳು.

ನೋಡುತ್ತ ನೋಡುತ್ತ ಆಕೆಯ ಮುಖ ಕಪ್ಪಿಟ್ಟಿತು. "ಯಪ್ಪಾ, ಇದಕ್ಕೇನು ಆಕೀಗೆ ಕಳ್ಳಿ ಅಂದೀ?"

"ಮತ್ತೇನದು?"

"ಮಗ್ಗದ ಸಪ್ಪಳದಾಗ ಬಾಯಿಮಾತು ಕೇಳಸ್ತದೇನೋ? ಎಲ್ಲಾ ಕೈಲೇ ಮಾತಾಡೋದು. ಎರಡು ಬಟ್ಟು ಆಡಿಸಿದ್ರ 'ಎಳಿ ಹರದೈತಿ' ಅಂತ. ಎರಡು ಮಗ್ಗದ ಸಂದ್ಯಾಗ ಇಬ್ಬರು ನಿಲ್ಲಾಕ ಆಗಂಗಿಲ್ಲ, ಅದಕ್ಕ ಸಿದ್ದಣ್ಣ ಹೊರಗ ಬರ್ತಾನ. ಆಕಿ ಹೋಗಿ ಎಳಿ ಕೂಡಸ್ತಾಳ. ಅಂವನ ಕಣ್ಣು ಮಂಜಾಗ್ಯಾವ ಕಿಶೋರ, ಕೈ ಆಡಿಸಿದ್ದು ಕಂಡೀತು, ಎಳಿ ಕಾಣಂಗಿಲ್ಲ. ಕೊಡ ಹೆಂಗ ತಡವಿ ಹಿಡಿತಾನ ನೋಡಿಲ್ಲಿ."

ಕಿಶೋರ ನೋಡಿದ. ತಿಂಗಳಿಡೀ ಪರದೆಗೆ ಕಣ್ಣಂಟಿಸಿ ಕೂತವನಿಗೆ ಅದೊಂದು ಕಂಡಿರಲಿಲ್ಲ.

"ಹಂಗಾದ್ರ ನಾ ಒಳಗ ಬಂದ ಕೂಡ್ಲೆ ಒಂದು ಸನ್ನಿ ಮಾಡ್ತಾರಲ್ಲ, ಹಿಂಗ?" ಅವನು ಎರಡೂ ಕೈಯನ್ನು ಬೋರಲು ಮಾಡಿ ಕೊಡವಿ ತೋರಿಸಿದ.

ತಾಯಿ ಮೊಬೈಲನ್ನು ಬೋರಲು ಇಟ್ಟಳು. "ಅದು ನಿನ್ನ ಹೆಸರು. ಚೀಲಾ ಕೊಡವಸಾಂವ. ಸಾವಕಾರಗೊಂದು ಸನ್ನಿ ಇರೋದ. ನಿಮ್ಮಪ್ಪಗ ಬಟ್ಟು ಬಾಯಿಗೆ ಹಿಡಿತಿದ್ರು, ತುತ್ತು ಹಿಡಿದಂಗ. ಬಂದಾಂವನ ಎಲ್ಲಾರಿಗೂ 'ಉಂಡ್ರ್ಯಾ?' ಅಂತ ಕೇಳ್ತಿದ್ನಲ್ಲ, ಅದಕ್ಕ."

ಕಿಶೋರನ ಮುಂದೆ ತಟ್ಟೆ ಇತ್ತು. ಅದನ್ನು ಪಕ್ಕಕ್ಕೆ ಸರಿಸಿದ. ಕೂಡಲೇ ಗದಿಗೆವ್ವನ ಮನೆಗೆ ನಡೆದ.

ಆಕೆ ಹೊಸ್ತಿಲಲ್ಲೇ ನಿಂತಳು, ಕುಂಡ್ರಿ ಎನ್ನಲಿಲ್ಲ.

"ನನಗ ಎಲ್ಲಾ ಗೊತ್ತಾತು" ಎಂದ ಕಿಶೋರ. "ಸಿದ್ದಣ್ಣನ ಕಣ್ಣು..."

ಆಕೆಯ ಮುಖ ಬಿಗಿಯಿತು. "ಯಾರ್ ಹೇಳಿದ್ರು? ನಾಳಿಗೆ ಅಂವನ್ನೂ ಕಳಸ್ತೀರೇನು? ಇಪ್ಪತ್ತೆಂಟು ವರ್ಷ ಆತ್ರಿ ಆ ಮಗ್ಗದಾಗ. ಮನ್ಯಾಗ ದುಡ್ಯಾವ್ರು ಮತ್ತ್ಯಾರಿಲ್ಲ, ತಾಯಿಲ್ಲದ ಮೊಮ್ಮಗಳೊಬ್ಬಾಕಿ."

"ಕಳಸಂಗಿಲ್ಲ. ಕಣ್ಣಿನ ಆಪರೇಶನ್ ಮಾಡಸ್ತೀನಿ. ಮಗ್ಗ ಅಂವಂದ."

"ಅನ್ನಪೂರ್ಣವ್ವಗೂ ಆರಾಮ ಆದಮ್ಯಾಲೆ ಬಾ ಅಂದಿದ್ರಿ."

ಬರೆದುಕೊಡಲೇ ಎಂದು ಕಿಶೋರ ಕೇಳಿದ. ನಿನ್ನನ್ನು ಕಳ್ಳಿ ಅಂದದ್ದು ತಪ್ಪು ಎಂದೂ ಅದರಲ್ಲೇ ಬರೆಯುತ್ತೇನೆ ಎಂದ.

"ಕಾಗದ ಒಲಿಗೆ ಹಾಕ್ರಿ. ಕಳ್ಳಿ ಅಂದಿದ್ದು ಹದಿನೆಂಟು ಮಂದಿ ಮುಂದ. ಏನ ಹೇಳೋದಿದ್ರೂ ಅವರ ಮುಂದ ಹೇಳ್ರಿ. ನಾಳಿ ಬರ್ತೀನಿ, ಕೇಳಿ ಹೊಕ್ಕೀನಿ." ಬಾಗಿಲು ಮುಚ್ಚಿಕೊಂಡಿತು.

ಬೆಳಿಗ್ಗೆ ಯಾರೂ ಮಗ್ಗ ಹಚ್ಚಲಿಲ್ಲ. ಗದಿಗೆವ್ವ ಚೀಲ ಹಿಡಿದೇ ಬಾಗಿಲ ಬಳಿ ನಿಂತಿದ್ದಳು. ಕಿಶೋರ ನಡುವೆ ಬಂದು ನಿಂತ. ತರಬೇತಿಯಲ್ಲಿ ಕಲಿತ ಮಾತು ಒಂದೂ ನಾಲಿಗೆಗೆ ಬರಲಿಲ್ಲ.

"ಗದಿಗೆವ್ವ ಕಳ್ಳಿ ಅಲ್ಲ. ನಾ ಆಕೀ ಕೈ ಹಿಡದದ್ದು ತಪ್ಪು, ಆ ಮಾತು ಅಂದದ್ದು ತಪ್ಪು. ಅನ್ನಪೂರ್ಣವ್ವನ್ನ ಬಿಡಿಸಿದ್ದೂ ತಪ್ಪು. ಈಗ ಅವರ ಮನಿಗೆ ಹೋಗಿ ಬಂದೀನಿ. ಆಕಿಗೆ ಮಗ್ಗ ಆಗಂಗಿಲ್ಲಂತ, ಸೀರಿ ಮಡಚಿ ತಪಾಸ ಮಾಡೋ ಕೆಲಸಕ್ಕ ಸೋಮವಾರ ಬರ್ತಾಳ." ಅವನು ಏಳನೆಯ ಮಗ್ಗದ ಕಡೆ ತಿರುಗಿದ. "ಸಿದ್ದಣ್ಣಾ, ಗದಗಿನ ದವಾಖಾನಿಗೆ ಹೋಗೂನು. ಆಪರೇಶನ್ ಆಗಿ ಬರೋ ಮಟಾ ನಿನ್ನ ಪಗಾರ ನಿಲ್ಲಂಗಿಲ್ಲ. ಏಳನೇ ಮಗ್ಗಕ್ಕ ಬ್ಯಾರೆ ಯಾರನ್ನೂ ಹಾಕಂಗಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಇದರಲ್ಲೇನೋ ಹಿಕಮತ್ತಿದೆ ಎಂದು ಬುಡ್ಡೇಸಾಬನ ಹುಬ್ಬು ಇನ್ನೂ ಹೇಳುತ್ತಲೇ ಇತ್ತು. ಸಿದ್ದಾರೂಢ ಮಗ್ಗದ ಮರವನ್ನು ಹಿಡಿದುಕೊಂಡಿದ್ದ.

"ಬ್ಯಾಡ್ರಿ ಸಾವಕಾರ್ರ" ಎಂದ ಮುದುಕ. "ತಿಂಗಳಾನುಗಟ್ಲೆ ಮಗ್ಗ ಖಾಲಿ ನಿಂತ್ರ ಹೆಂಗ? ಲಕ್ಷ್ಮೇಶ್ವರದ ಅಂಗಡ್ಯಾವ್ರು ಏಳನೇ ಮಗ್ಗದ ಸೀರೀನ ಬೇಕಂತಾರ. ಎರಡು ವರ್ಷದಾಗ ಒಂದು ಸೀರಿ ವಾಪಸ್ ಬಂದಿಲ್ಲ. ನಾ ಹೋದ್ರ ಅದನ್ನ ಯಾರ್ ನಡಸ್ತಾರ?"

ಗದಿಗೆವ್ವ ಚೀಲವನ್ನು ಗೂಟಕ್ಕೆ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಬಿಗಿದಳು.

"ಎರಡು ವರ್ಷದಿಂದ ಯಾರ್ ನಡಸ್ಯಾರ ಮತ್ತ, ಮುತ್ಯಾ?" ಎಂದಳು.