ಏಳನೆಯ ಹಲಗೆ

ಗಾಳೆಮ್ಮ ಎರಡನೆಯ ಸಲ ಚಿಲಕ ಬಡಿದ ಮೇಲೆ ಕೊಟ್ರಬಸಪ್ಪ ಕದ ತೆರೆದ. ಕುಷ್ಟಗಿಯ ಕುಂಬಾರರಿಗೆಲ್ಲ ಅವನೇ ಯಜಮಾನ. ಹೊತ್ತು ನೆತ್ತಿಗೆ ಬರುತ್ತಿತ್ತು.

"ಮುಂಜಾನಿ ಜೀವ ಹೋತ್ರಿ. ಅವರನ್ನ ಪಡಸಾಲ್ಯಾಗ ಕುಂದ್ರಿಸಿ ಬಂದೀನಿ. ಹೆಗಲು ಕೊಡಾಕ ಮಂದೀನ ಕಳಸ್ರಿ," ಎಂದಳು.

ಅವನು ಹೊಸ್ತಿಲು ದಾಟಲಿಲ್ಲ. "ನಿನ್ನ ಗಂಡನ್ನ ಕುಲದಿಂದ ಹೊರಗಿಟ್ಟು ಐದು ವರ್ಷಾತು, ಗಾಳವ್ವ. ರುದ್ರಭೂಮ್ಯಾಗ ಜಾಗಾ ಇಲ್ಲ. ಕಿರಿಸ್ತಾನರನ್ನ ಕೇಳು."

"ಕೇಳೇ ಬಂದೀನ್ರಿ. ನೀರು ಹಾಕಿಸ್ಕೊಂಡು ನಮ್ಮೊಳಗ ಕೂಡಿದಾಂವ ಅಲ್ಲ, ಬ್ಯಾಡ ಅಂದ್ರು."

ಕೊಟ್ರಬಸಪ್ಪ ನೆಲ ನೋಡಿದ. "ನಾ ಒಬ್ಬಾಂವ ಏನು ಮಾಡ್ಲಿ, ತಂಗಿ," ಎಂದು ಮೆಲ್ಲಗೆ ಕದ ಮುಚ್ಚಿಕೊಂಡ.

*

ಇಟಲಿಯ ಪಾದ್ರಿ ಊರಾಚೆ ದವಾಖಾನೆ ಕಟ್ಟಿಸಿದ್ದು ಕಾಲರಾ ಬರುವ ಹಿಂದಿನ ವರ್ಷ, ೧೯೩೭ರಲ್ಲಿ. ಒಂದು ದಿನ ಅವನು ಗಾಳೆಮ್ಮನ ಗಂಡ ಓಬಳೆಪ್ಪನ ತಿಗರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಚಿತ್ರವೊಂದನ್ನು ತೋರಿಸಿದ. ತನ್ನ ದೇಶದ ನಾನೂರು ವರ್ಷದ ದವಾಖಾನೆ. ಅದರ ಗೋಡೆಯ ಮೇಲೆ ಸುಟ್ಟ ಮಣ್ಣಿನಲ್ಲಿ ಉಬ್ಬಿ ನಿಂತ ಮನುಷ್ಯರು. ಹಸಿದವನಿಗೆ ರೊಟ್ಟಿ, ಬಾಯಾರಿದವನಿಗೆ ನೀರು, ಬೆತ್ತಲೆಯವನಿಗೆ ಬಟ್ಟೆ, ದಾರಿಹೋಕನಿಗೆ ಆಸರೆ, ರೋಗಿಗೆ ಆರೈಕೆ, ಸೆರೆಯಾಳಿಗೆ ಸಮಾಧಾನ, ಸತ್ತವನಿಗೆ ಮಣ್ಣು.

"ನಮ್ಮ ಗೋಡೆಗೂ ಇಂಥ ಏಳು ಮಣ್ಣಿನ ಹಲಗೆ ಬೇಕು. ಮಾಡುತ್ತೀರಾ?"

"ಇವು ಮಡಿಕಿ ಮಾಡೋ ಕೈ ಅದಾವ್ರಿ," ಎಂದ ಓಬಳೆಪ್ಪ. ಚಿತ್ರವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಆರು ಹಲಗೆಗಳು ಬೆಂದು ಬಾಗಿಲ ಸುತ್ತಲಿನ ಗೋಡೆ ಸೇರಿದವು. ರೊಟ್ಟಿ ಹಂಚುವ ಕೈಗಳು ಗಾಳೆಮ್ಮನವೇ, ದಪ್ಪ ಗೆಣ್ಣು ಸಮೇತ. ಏಳನೆಯದನ್ನು ಮೂರು ಸಲ ಮಾಡಿ ಮೂರು ಸಲವೂ ಕಲಸಿಹಾಕಿದ. "ಹೊತ್ತವರ ಭುಜಕ್ಕ ಭಾರ ಬರವಲ್ದು," ಅನ್ನುತ್ತಿದ್ದ.

ಅಷ್ಟರಲ್ಲಿ ಕಾಲರಾ ಬಂತು. ಎಲ್ಲಿಂದಲೋ ಬಂದ ಭಿಕ್ಷುಕಿಯೊಬ್ಬಳು ದವಾಖಾನೆಯಲ್ಲಿ ಸತ್ತಳು. ಅವಳ ಜಾತಿ ಯಾರಿಗೂ ಗೊತ್ತಿರಲಿಲ್ಲ. ತಲೆಯ ಕಡೆ ಪಾದ್ರಿ ಹಿಡಿದ. ಕಾಲಿನ ಕಡೆ ಹಿಡಿಯುವವರಿಲ್ಲ. ಓಬಳೆಪ್ಪ ಹಿಡಿದ. ಆ ವಾರವೇ ಕುಲ ಅವನನ್ನು ಹೊರಗಿಟ್ಟಿತು. ಸಂತೆಯಲ್ಲಿ ಅವನ ಗಡಿಗೆಗಳನ್ನು ಯಾರೂ ಮುಟ್ಟಲಿಲ್ಲ. ಗಾಳೆಮ್ಮ ಅಳುತ್ತ ಕೂತಾಗ, "ಭುಜ ಹೆಂಗ ಇಳೀತೈತಿ ಅಂತ ಈಗ ಗೊತ್ತಾತು ನೋಡು," ಎಂದ. ಏಳನೆಯ ಹಲಗೆ ಒಂದೇ ಸಲಕ್ಕೆ ಬಂತು, ಗೋಡೆ ಸೇರಿತು.

ಯುದ್ಧ ಶುರುವಾಗಿ, ಪಾದ್ರಿಯನ್ನು ವೈರಿ ದೇಶದವನೆಂದು ಹಿಡಿದೊಯ್ದರು. ದವಾಖಾನೆ ಜೋಳದ ಗೋದಾಮಾಯಿತು. ಬಂಡಿ ಒಳಗೆ ಬರಲೆಂದು ಗುತ್ತೇದಾರ ಬಾಗಿಲು ಅಗಲ ಮಾಡಿಸುವಾಗ ಏಳು ಹಲಗೆಗಳೂ ಪುಡಿಯಾದವು. ಓಬಳೆಪ್ಪ ಹೋಗಿ ನೋಡಿ ಬಂದ. ತಿಗರಿಯನ್ನು ಗೋಡೆಗೆ ಒರಗಿಸಿಟ್ಟ, ಮತ್ತೆ ಮುಟ್ಟಲಿಲ್ಲ.

*

ಗಾಳೆಮ್ಮ ಮನೆಗೆ ಮರಳಿದಾಗ ಬಂಡಿ ಹೊಡೆಯುವ ಮುದುಕ ಹಾಜಿಸಾಬ ಕರೆಯದೆಯೇ ಬಂದ. "ಎಲ್ಲಿಗೆ ಒಯ್ಯೂಣು, ಯವ್ವಾ?"

ಗಾಳೆಮ್ಮ ಮೂಲೆಯ ಸಲಿಕೆ ಕೈಗೆತ್ತಿಕೊಂಡಳು. "ಕೆರಿಗೆ ನಡಿ ಯಪ್ಪಾ. ಗಡಿಗಿ ಮಣ್ಣು ತೆಗೆಯೋ ಗುಂಡಿಗೆ. ಅಲ್ಲಿ ಬ್ಯಾಡ ಅನ್ನಾಕ ಯಾರೂ ಇಲ್ಲ."

ಅಂಟು ಮಣ್ಣು ಸಲಿಕೆಯನ್ನು ಬಿಡುತ್ತಿರಲಿಲ್ಲ. ಹಾಜಿಸಾಬ ಏದುಸಿರು ಬಿಡುತ್ತ ಅಗೆದ. ಅವನು ಕೂತಾಗ ಗಾಳೆಮ್ಮ ಅಗೆದಳು. ನಡುವೆ ಕುಂಬಾರ ಓಣಿಯ ಮೂವರು ಕತ್ತೆಗಳನ್ನು ಹೊಡೆದುಕೊಂಡು ಬಂದು ದಂಡೆಯ ಮೇಲೆ ನಿಂತರು. ಮೂವರ ಹೆಗಲ ಮೇಲೂ ಸಲಿಕೆಗಳಿದ್ದವು.

"ಒಂದೀಟು ಕೈ ಹಚ್ಚರೆಪ್ಪಾ," ಎಂದ ಹಾಜಿಸಾಬ.

ಒಬ್ಬ ಕತ್ತೆಯ ಹಗ್ಗ ಬಿಗಿ ಮಾಡಿದ. ಯಾರೂ ಇಳಿಯಲಿಲ್ಲ.

ಹೆಣ ಕೂರಿಸಿ, ಮಣ್ಣೆಳೆದು, ಗಾಳೆಮ್ಮ ಬಂಡಿ ಹತ್ತಿದಳು. ಬಂಡಿ ದಂಡೆ ದಾಟುವವರೆಗೂ ಮೂವರು ಕಾದರು. ಆಮೇಲೆ ಗುಂಡಿಗೆ ಇಳಿದು, ಹಸಿ ಗುಪ್ಪೆಯಿಂದ ಎರಡು ಮಾರು ದೂರ ಬಿಟ್ಟು, ಗಡಿಗೆಗೆ ಬೇಕಾದ ಮಣ್ಣನ್ನು ಅಗೆಯತೊಡಗಿದರು.