ನಾದಿನಿ ಹಿಟ್ಟು

ಬ್ರೆಡ್ ಕಾರ್ಖಾನೆಯ ಕಲಸುವ ಕೋಣೆಯಲ್ಲಿ ಅತ್ತೆ ಇಪ್ಪತ್ತೆರಡು ವರ್ಷದಿಂದ ಹೆಲ್ಪರ್. ಸೊಸೆ ಹದಿನೆಂಟು ತಿಂಗಳಿಂದ ಟ್ರೈನಿ. ಇಬ್ಬರ ನಡುವಿನ ವ್ಯತ್ಯಾಸ ಇಷ್ಟೆ: ಟ್ರೈನಿಗೆ ಕೊನೆಯಲ್ಲಿ ಒಂದು ಪ್ರಮಾಣಪತ್ರ ಸಿಗುತ್ತದೆ, ಹೆಲ್ಪರಿಗೆ ಬೆನ್ನುನೋವು.

ಕೆಲಸ ಮಾಡುತ್ತಲೇ ಕಲಿಯುವ ಯೋಜನೆ ಅದು. ವಾರಕ್ಕೆ ಒಂದು ದಿನ ಮಹಡಿಯ ಮೇಲೆ ಪಾಠ, ಉಳಿದ ದಿನ ಯಂತ್ರದ ಮುಂದೆ. ಮಾಡಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು, ಕಲಿಸಿದವರು ಪುಟಪುಟಕ್ಕೂ ಸಹಿ ಹಾಕಬೇಕು. ಒಂದೂವರೆ ವರ್ಷದ ಮೇಲೆ ಹೊರಗಿನಿಂದ ಪರೀಕ್ಷಕರು ಬಂದು ನೋಡುತ್ತಾರೆ. ಪಾಸಾದರೆ ಕಲಸುವ ಯಂತ್ರದ ಆಪರೇಟರ್, ಕೆಲಸ ಖಾಯಂ. ಆಗದಿದ್ದರೆ ಗೇಟಿನಾಚೆ.

ಯೋಜನೆಗೆ ಹೊಸಬರನ್ನು ಮಾತ್ರ ಸೇರಿಸಿಕೊಂಡರು. ಗೊತ್ತಿರುವವರಿಗೆ ಕಲಿಸುವುದೇನಿದೆ ಎಂದು ಆಫೀಸಿನವರು ಕೇಳಿದರು. ಗೊತ್ತಿರುವವರಿಗೆ ಪತ್ರ ಕೊಡಲು ಏನು ಅಡ್ಡಿ ಎಂದು ಕೇಳುವವರು ಆಫೀಸಿನಲ್ಲಿ ಇರಲಿಲ್ಲ. ಪತ್ರ ಇಲ್ಲದವರು ಪುಸ್ತಕಕ್ಕೆ ಸಹಿ ಹಾಕುವಂತೆಯೂ ಇರಲಿಲ್ಲ. ಹಾಗಾಗಿ ಕಲಿಸಿದ್ದೆಲ್ಲ ಅತ್ತೆ, ಸಹಿಯೆಲ್ಲ ಸೂಪರ್‌ವೈಸರನದು.

ಸೂಪರ್‌ವೈಸರನಿಗೆ ಹೆಂಗಸರು ಇಟ್ಟ ಹೆಸರು ಸೀಟಿ. ನಡೆಯುವಾಗಲೆಲ್ಲ ಬಾಯಲ್ಲಿ ಸಣ್ಣಗೆ ಸಿಳ್ಳೆ. ಕೆಟ್ಟವನಲ್ಲ. ಯಾರಿಗಾದರೂ ಹುಷಾರಿಲ್ಲವೆಂದರೆ ತಾನೇ ಹೋಗಿ ಬಿಸಿನೀರು ತಂದುಕೊಡುವವನು. ಆದರೆ ಅವನ ಪತ್ರ ಬಂದದ್ದು ಕಾಲೇಜಿನಿಂದ; ಅವನು ಹಿಟ್ಟು ಮುಟ್ಟಿದ್ದನ್ನು ಕಂಡವರಿಲ್ಲ. ತಿಂಗಳ ಕೊನೆಯ ಶನಿವಾರ ಸೊಸೆಯ ಪುಸ್ತಕ ತರಿಸಿಕೊಂಡು, ಹೊರಡುವ ಅವಸರದಲ್ಲಿ ನಿಂತುಕೊಂಡೇ ತಿಂಗಳ ಸಹಿಯೆಲ್ಲ ಎಳೆದುಬಿಡುತ್ತಿದ್ದ.

ಸೊಸೆ ಬಂದ ಮೊದಲ ದಿನವೇ ಅತ್ತೆ ಅವಳ ತಲೆಗೆ ಬಲೆಯ ಟೋಪಿ ಎಳೆದು ಕೂದಲನ್ನೆಲ್ಲ ಒಳಗೆ ತುರುಕಿದ್ದಳು.

"ಮನೇಲಿ ನಾನು ಅತ್ತೆ. ಇಲ್ಲಿ ಅತ್ತೆ ಯಾರು ಗೊತ್ತಾ?" ಎಂದು ಕಲಸುವ ಯಂತ್ರದ ಡ್ರಮ್ಮಿನ ಕಡೆ ಗಲ್ಲ ಎತ್ತಿದಳು. "ನೋಡು, ಈಗಷ್ಟೇ ನೀರು ಬಿದ್ದಿದೆ. ಎಳೆದ್ರೆ ಬರಲ್ಲ, ಬಂದ್ರೆ ಹರಿಯುತ್ತೆ. ಇದು ಅತ್ತೆ ಹಿಟ್ಟು. ಇನ್ನೊಂದಿಷ್ಟು ತಿರುಗಿದ್ರೆ ಸೊಸೆ ಹಿಟ್ಟು. ಎಷ್ಟು ಎಳೆದ್ರೂ ಹರಿಯಲ್ಲ, ತೆಳ್ಳಗೆ ಪೊರೆ ಥರ ಬರುತ್ತೆ. ಬ್ರೆಡ್ಡಿಗೆ ಬೇಕಾಗಿರೋದು ಅದೇ."

"ಎಲ್ಲಾರ್ಗೂ ಬೇಕಾಗಿರೋದು ಅದೇ," ಎಂದಳು ಸೊಸೆ.

ಅತ್ತೆಗೆ ನಗು ಬಂತು, ತೋರಿಸಲಿಲ್ಲ. "ಆಮೇಲೂ ನಾದ್ತಾನೇ ಇದ್ರೆ ನಾದಿನಿ. ಹೊಳೆಯುತ್ತೆ, ನೋಡೋಕೆ ಚೆನ್ನಾಗಿರುತ್ತೆ, ಮುಟ್ಟಿದ್ರೆ ಅಂಟ್ಕೊಳುತ್ತೆ, ಬಿಡಿಸ್ಕೊಳೋಕೆ ಆಗಲ್ಲ. ನಾದಿನಿ ಆದ್ಮೇಲೆ ದೇವರು ಬಂದ್ರೂ ಹಿಂದಕ್ಕೆ ತರೋಕಾಗಲ್ಲ. ಇನ್ನೂರು ಕಿಲೋ ಕಸಕ್ಕೆ."

"ಮಾವ ಹಿಟ್ಟು ಇಲ್ವಾ?"

"ಅಲ್ಲಿ ಮೂಟೇಲಿ ಕೂತಿದೆಯಲ್ಲ, ಅದೇ. ಯಾರಾದ್ರೂ ಎತ್ತಿ ಹಾಕ್ಬೇಕು."

ಈ ಹೆಸರುಗಳನ್ನು ಅತ್ತೆ ಇಟ್ಟದ್ದಲ್ಲ. ಅವಳಿಗಿಂತ ಮುಂಚೆ ಆ ಕೋಣೆಯಲ್ಲಿ ದುಡಿದು ಮೊಣಕೈ ಸವೆಸಿಕೊಂಡು ಹೋದ ಹೆಂಗಸರು ಯಾರೋ ಇಟ್ಟದ್ದು. ಸೊಸೆಗೆ ಒಬ್ಬ ನಿಜವಾದ ನಾದಿನಿಯೂ ಇದ್ದಳು, ಗಂಡನ ತಂಗಿ. ಹಿಟ್ಟಿನ ವಿಷಯವನ್ನು ಅವಳಿಗೆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅತ್ತೆ ಸೊಸೆಯ ಕಾಲರ್ ಸರಿಮಾಡುತ್ತ ಒಂದೇ ಮಾತನ್ನು ಮೂರು ಸಲ ಹೇಳಿದಳು. "ನನ್ನ ಸುದ್ದಿ ಎತ್ತಬೇಡ. ಯಾರು ಕಲಿಸಿದ್ರು ಅಂದ್ರೆ ಸೀಟಿ ಅನ್ನು. ಸೀಟಿ ಅನ್ನಬೇಡ ಮತ್ತೆ, ಸೂಪರ್‌ವೈಸರ್ ಸರ್ ಅನ್ನು. ಪತ್ರ ಕೈಗೆ ಬರ್ಲಿ, ಆಮೇಲೆ ಊರಿಗೆಲ್ಲ ಡಂಗುರ ಹೊಡಿ."

ಪರೀಕ್ಷಕಿ ಕನ್ನಡಕದ ನಡುವಯಸ್ಸಿನ ಹೆಂಗಸು. ಟೋಪಿ, ಕೋಟು ಹಾಕಿ, ಕೈ ತೊಳೆದು, ಪರೀಕ್ಷೆಯ ಪಟ್ಟಿ ಹಿಡಿದು ಗೋಡೆ ಪಕ್ಕ ನಿಂತಳು. ಅವಳ ಪಕ್ಕದಲ್ಲಿ ಸೀಟಿ, ಅವತ್ತು ಸಿಳ್ಳೆ ಇಲ್ಲ. ಅತ್ತೆ ದೂರದಲ್ಲಿ ಖಾಲಿ ಡ್ರಮ್ಮು ಉಜ್ಜುತ್ತಿದ್ದಳು. ಆಗಲೇ ಫಳಫಳ ಹೊಳೆಯುತ್ತಿದ್ದ ಡ್ರಮ್ಮು.

ಸೊಸೆ ಹಿಟ್ಟು ತೂಗಿದಳು, ನೀರಿನ ಬಿಸಿ ನೋಡಿದಳು, ಯೀಸ್ಟು ಹಾಕಿದಳು, ಕಂಬಿಯ ಮುಚ್ಚಳ ಇಳಿಸಿ ಯಂತ್ರ ಚಾಲೂ ಮಾಡಿದಳು. ಗೋಡೆಯ ಮೇಲಿನ ಹಾಳೆಯಲ್ಲಿ ಬರೆದದ್ದು ನಿಧಾನಕ್ಕೆ ಮೂರು ನಿಮಿಷ, ಜೋರಾಗಿ ಎಂಟು ನಿಮಿಷ. ಜೋರಿನ ಆರೂವರೆ ನಿಮಿಷ ಆಗುತ್ತಿದ್ದಂತೆ ಸದ್ದು ಬದಲಾಯಿತು. ಡ್ರಮ್ಮಿಗೆ ಧಪ್ ಧಪ್ ಎಂದು ಬಡಿಯುತ್ತಿದ್ದ ಮುದ್ದೆ ಚಪ್ ಚಪ್ ಅನ್ನತೊಡಗಿತು. ಹಿಂದಿನ ದಿನ ಹೊಸ ಹಿಟ್ಟಿನ ಲಾರಿ ಬಂದಿತ್ತು, ಆ ಹಿಟ್ಟು ಸ್ವಲ್ಪ ದುರ್ಬಲ, ಹದ ಬೇಗ ಮೀರುವಂಥದ್ದು. ಡ್ರಮ್ಮು ಉಜ್ಜುತ್ತಿದ್ದ ಅತ್ತೆಯ ಕೈ ನಿಂತಿತು. ಅದೇ ಗಳಿಗೆಗೆ ಸೊಸೆಯ ಕೈ ಕೆಂಪು ಗುಂಡಿಯ ಮೇಲೆ ಬಿದ್ದು ಯಂತ್ರವೂ ನಿಂತಿತು.

"ಏಯ್, ಇನ್ನೂ ಒಂದೂವರೆ ನಿಮಿಷ ಇದೆ!" ಎಂದು ಸೀಟಿ ಮುಂದೆ ಬಂದ.

ಪರೀಕ್ಷಕಿ ಕೈ ಅಡ್ಡ ಹಿಡಿದಳು. "ಯಾಕೆ ನಿಲ್ಲಿಸಿದ್ರಿ?"

"ಇನ್ನು ಬಿಟ್ರೆ ನಾದಿನಿ ಆಗುತ್ತೆ ಮೇಡಂ."

"ನಾದಿನಿನಾ? ಯಾರ ನಾದಿನಿ?"

ಸೊಸೆ ನಾಲಿಗೆ ಕಚ್ಚಿಕೊಂಡಳು. ಮಹಡಿ ಮೇಲಿನ ಪಾಠದಲ್ಲಿ ಇದಕ್ಕೆ ಬೇರೆ ಮಾತಿತ್ತು, ಅದು ಈಗ ಬಾಯಿಗೆ ಬರಲೊಲ್ಲದು. ಒಂದು ಮುಷ್ಟಿ ಹಿಟ್ಟು ಕಿತ್ತು ಎರಡೂ ಕೈಯಲ್ಲಿ ಮೆಲ್ಲಗೆ ಹಿಗ್ಗಿಸಿ ದೀಪದ ಕಡೆ ಎತ್ತಿದಳು. ಹಿಟ್ಟು ಪೊರೆಯಾಯಿತು. ಅದರ ಹಿಂದಿನಿಂದ ಅವಳ ಬೆರಳಿನ ಗೆರೆಗಳು ಕಂಡವು. ಹರಿಯಲಿಲ್ಲ, ಅಂಟಲಿಲ್ಲ.

ಪರೀಕ್ಷಕಿ ಆ ಪೊರೆಯನ್ನು ತುಂಬ ಹೊತ್ತು ನೋಡಿದಳು. "ಹಾಳೆ ನೋಡಿದ್ರೆ ತಪ್ಪು. ಹಿಟ್ಟು ನೋಡಿದ್ರೆ ಸರಿ." ಆಮೇಲೆ ಸೀಟಿಯ ಕಡೆ ತಿರುಗಿದಳು. "ಸರ್, ಈ ನಾದಿನಿ ಅಂದ್ರೇನು?"

ಸೀಟಿಯ ಮುಖ ಕೆಂಪಾಯಿತು. "ನನಗೆ ನಾದಿನಿ ಇಲ್ಲ ಮೇಡಂ. ನನ್ನ ಹೆಂಡತಿ ಒಬ್ಬಳೇ ಮಗಳು."

ಟ್ರೇ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪರೀಕ್ಷಕಿ ನಗಲಿಲ್ಲ. ಪುಸ್ತಕ ತೆರೆದು ಹಾಳೆ ಮಗುಚುತ್ತ ಹೋದಳು. "ನಲವತ್ತೆರಡು ಸಹಿ ಇದೆ, ಎಲ್ಲಾ ಇವರದೇ. ಈ ಮಾತು ಮಾತ್ರ ಇವರಿಗೆ ಗೊತ್ತಿಲ್ಲ. ನೀವು ಹೇಳಿ, ನಿಮಗೆ ಕಲಿಸಿದ್ದು ಯಾರು?"

ಸೂಪರ್‌ವೈಸರ್ ಸರ್ ಎಂದರೆ ಮುಗಿಯಿತು. ನಾದಿನಿ ಎನ್ನುವುದು ತನ್ನದೇ ತಮಾಷೆ ಎಂದರೆ ಸಾಕು, ಪತ್ರ ಕೈಗೆ. ದೂರದಿಂದ ಅತ್ತೆ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದಳು. ಬಟ್ಟೆ ಹಿಡಿದ ಆ ಕೈಯ ಹೆಬ್ಬೆರಳು ಇಪ್ಪತ್ತೆರಡು ವರ್ಷದ ಮೂಟೆಗಳಿಂದ ಸೊಟ್ಟಗಾಗಿತ್ತು. ಗೊತ್ತಿಲ್ಲದವನ ಸಹಿ ನಡೆಯುತ್ತದೆ, ಗೊತ್ತಿರುವವಳು ಮಾತ್ರ ಡ್ರಮ್ಮು ಉಜ್ಜಬೇಕು. ಇಂಥ ನಿಯಮ ಬರೆದವರು ಬೆಳಿಗ್ಗೆ ತಿಂದ ಬ್ರೆಡ್ಡನ್ನು ಯಾರು ಕಲಸಿದ್ದರು? ಸೊಸೆಗೆ ಸಿಟ್ಟು ಬಂತು. ಅತ್ತೆಯ ಮೇಲೂ ಬಂತು.

"ನನ್ನ ಅತ್ತೆ ಮೇಡಂ. ಅಲ್ಲಿದ್ದಾರಲ್ಲ, ಅವರು. ನಲವತ್ತೆರಡು ಪುಟಾನೂ ಅವರೇ ಕಲಿಸಿದ್ದು."

ಪರೀಕ್ಷಕಿ ಪುಸ್ತಕ ಮುಚ್ಚಿದಳು.

"ಹಾಗಾದ್ರೆ ಈ ಪುಸ್ತಕ ನಡೆಯಲ್ಲ," ಎಂದಳು ಪರೀಕ್ಷಕಿ. ಅವಳಿಗೂ ಬೇಸರವಿತ್ತು, ಆದರೂ ಪಟ್ಟಿಯಲ್ಲಿ 'ಇನ್ನೂ ಆಗಿಲ್ಲ' ಎನ್ನುವ ಚೌಕಕ್ಕೆ ಗುರುತು ಹಾಕಿದಳು. "ಒಂದು ದಾರಿ ಇದೆ. ತುಂಬಾ ವರ್ಷ ಕೆಲಸ ಮಾಡಿರೋರು ತರಗತಿಗೆ ಬರದೇನೇ ಪರೀಕ್ಷೆ ತಗೋಬಹುದು. ನಿಮ್ಮ ಅತ್ತೆ ಪಾಸಾದ್ರೆ, ಅವರೇ ಈ ಪುಟಗಳನ್ನ ಒಂದೊಂದಾಗಿ ನೋಡಿ ಸಹಿ ಹಾಕ್ಬಹುದು. ಮೂರು ತಿಂಗಳು ಟೈಮ್ ಕೊಡ್ತೀನಿ."

ಅಂಥ ಒಂದು ದಾರಿ ಇರುವುದನ್ನು ಇಪ್ಪತ್ತೆರಡು ವರ್ಷದಲ್ಲಿ ಅತ್ತೆಗೆ ಯಾರೂ ಹೇಳಿರಲಿಲ್ಲ. ತನಗೂ ಗೊತ್ತಿರಲಿಲ್ಲ ಎಂದ ಸೀಟಿ. ಅದು ನಿಜವೇ ಇರಬೇಕು, ಯಾಕೆಂದರೆ ಮರುದಿನ ಅರ್ಜಿ ಹುಡುಕಿ ತಂದು ತಲೆ ತಗ್ಗಿಸಿಕೊಂಡು ಅತ್ತೆಯ ಕೈಗೆ ಕೊಟ್ಟವನು ಅವನೇ.

ಮನೆಯಲ್ಲಿ ಅತ್ತೆ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಪಾತ್ರೆ ತೊಳೆಯುತ್ತ ಶುರು ಮಾಡಿದಳು. "ನಿನ್ನ ಬಾಯಿಗೊಂದು ಮುಚ್ಚಳ ಇಲ್ವಾ? ಕೈಗೆ ಬಂದಿದ್ದನ್ನ ಕಾಲಲ್ಲಿ ಒದ್ದುಬಿಟ್ಯಲ್ಲ! ಮಾವನ ಥರ ಮೂಟೇಲಿ ಸುಮ್ನೆ ಕೂತಿರೋಕೆ ಆಗ್ತಿರ್ಲಿಲ್ವಾ?"

ಪಕ್ಕದ ಕೋಣೆಯಿಂದ ಮಾವ ಕೆಮ್ಮಿದ. "ನನ್ನ ಸುದ್ದಿ ಯಾಕೆ?"

"ನಿಮ್ಮ ಸುದ್ದಿ ಅಲ್ಲ, ಹಿಟ್ಟಿನ ಸುದ್ದಿ."

"ಅತ್ತೆ, ನೀವು ಪರೀಕ್ಷೆ ತಗೋತೀರಾ ಇಲ್ವಾ?"

"ಈ ವಯಸ್ಸಲ್ಲಿ ನನಗೆ ಪರೀಕ್ಷೆ! ಬಿದ್ದು ಬಿದ್ದು ನಗ್ತಾರೆ." ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು. "ಅದ್ರಲ್ಲಿ ಬರೆಯೋದು ಎಷ್ಟಿರುತ್ತೆ?"

ಬರೆಯುವುದು ಕಡಿಮೆ, ಹೇಳುವುದೇ ಹೆಚ್ಚು. ಹಾಗಾಗಿ ಸೊಸೆ ಗುರುವಾದಳು. ಬಟ್ಟೆ ಮಡಚುತ್ತ, ಬಸ್ಸಿಗೆ ಕಾಯುತ್ತ, ಅತ್ತೆಗೆ ಆಫೀಸಿನ ಮಾತು ಕಲಿಸಿದಳು.

"ನಾದಿನಿ ಅನ್ನಬಾರದು. 'ಮಿತಿಮೀರಿ ನಾದಲ್ಪಟ್ಟ ಹಿಟ್ಟು' ಅನ್ನಬೇಕು."

"ಅಷ್ಟು ಹೇಳೋ ಹೊತ್ತಿಗೆ ಹಿಟ್ಟು ಕೆಟ್ಟೇ ಹೋಗಿರುತ್ತೆ."

"ಹೇಳಿ ಅತ್ತೆ."

"ಮಿತಿಮೀರಿ ನಾದಲ್ಪಟ್ಟ ನಾದಿನಿ."

"ಅತ್ತೆ!"

ಪರೀಕ್ಷೆಯ ದಿನ ಸೊಸೆಯನ್ನು ಒಳಗೆ ಬಿಡಲಿಲ್ಲ. ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತಳು. ಅತ್ತೆ ಹಿಟ್ಟಿನ ಮೇಲೆ ಅಂಗೈ ಇಟ್ಟು ಏನೋ ಹೇಳಿದಳು, ಪರೀಕ್ಷಕಿ ಥರ್ಮಾಮೀಟರ್ ಚುಚ್ಚಿ ನೋಡಿದಳು, ಇನ್ನೊಂದು ಸಲ ಚುಚ್ಚಿದಳು. ಆಮೇಲೆ ಪರೀಕ್ಷಕಿ ಕೈಗವಸು ಹಾಕಿಕೊಂಡು ತಾನೇ ಒಂದು ಮುಷ್ಟಿ ಹಿಟ್ಟು ಹಿಗ್ಗಿಸಲು ಹೋದಳು. ಹಿಟ್ಟು ಹರಿಯಿತು. ಅತ್ತೆ ಅವಳ ಮಣಿಕಟ್ಟು ಹಿಡಿದು, ಹೀಗಲ್ಲ ಹೀಗೆ ಎಂದು ತೋರಿಸಿಕೊಟ್ಟಳು. ಪರೀಕ್ಷಕಿ ತಲೆಯಾಡಿಸಿದಳು. ಬಾಗಿಲಾಚೆ ಸೊಸೆ ಅಳುತ್ತಿದ್ದಳು, ಜೊತೆಗೆ ನಗುತ್ತಿದ್ದಳು.

ಅತ್ತೆಯ ಪತ್ರ ಬಂದ ಮಧ್ಯಾಹ್ನ ಊಟದ ಬೆಂಚಿನ ಮೇಲೆ ಸೊಸೆ ಪುಸ್ತಕ ಬಿಡಿಸಿಟ್ಟು ಪೆನ್ನು ಕೊಟ್ಟಳು. ಮೂರು ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಅತ್ತೆ ಕನ್ನಡಕ ಒರೆಸಿ, ಪ್ರತಿ ಪುಟವನ್ನೂ ಬೆರಳಿಟ್ಟು ಓದಿ, ತನ್ನ ಪೂರ್ತಿ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಬರೆದಳು. ಊಟದ ವೇಳೆ ಮುಗಿಯುತ್ತ ಬಂದರೂ ಅವಸರವಿಲ್ಲ. ಮೂವತ್ತೊಂದನೇ ಪುಟದಲ್ಲಿ ಪೆನ್ನು ನಿಂತಿತು.

"ಇದು ನೀನು ಮಾಡಿದ್ದಲ್ಲ."

"ಯಾವುದು?"

"ಎಳ್ಳಿನ ಬ್ರೆಡ್ಡು. ಅವತ್ತು ನಿನಗೆ ಜ್ವರ. ಮೂಲೇಲಿ ಮುದುರ್ಕೊಂಡು ಕೂತಿದ್ದೆ. ತೂಗಿದ್ದು ನಾನು, ಕಲಸಿದ್ದು ನಾನು."

"ಅತ್ತೆ, ಒಂದೇ ಒಂದು ಪುಟ! ಇನ್ನು ನಾಲ್ಕೇ ದಿನ ಇರೋದು."

"ಒಂದು ಡ್ರಮ್ಮಿಗೆ ಎಷ್ಟು ದಿನ ಬೇಕು?"

"ಮಾಡೋಕೆ ನನಗೆ ಬರುತ್ತೆ ಅಂತ ನಿಮಗೇ ಗೊತ್ತು."

"ಬರುತ್ತೆ ಅಂತ ನಾನು ನೋಡಿಲ್ಲ." ಅತ್ತೆ ಪೆನ್ನಿಗೆ ಮುಚ್ಚಳ ಹಾಕಿದಳು. "ನೋಡದೇ ಸಹಿ ಬೇಕಿದ್ರೆ ಸೀಟಿ ಹತ್ರ ಹೋಗು."

ಪಕ್ಕದ ಬೆಂಚಿನಲ್ಲಿದ್ದ ಸೀಟಿ ತಟ್ಟೆಯಿಂದ ತಲೆ ಎತ್ತಿ, ಮತ್ತೆ ತಗ್ಗಿಸಿದ.

ಸೊಸೆ ಅತ್ತೆಯ ಮುಖವನ್ನೇ ದುರುಗುಟ್ಟಿ ನೋಡಿದಳು. ಅತ್ತೆಯೂ ನೋಡಿದಳು. ಕೊನೆಗೆ ಸೊಸೆ ಎದ್ದು ಟೋಪಿ ಎಳೆದುಕೊಂಡು ಕೈ ತೊಳೆಯಲು ಹೊರಟಳು. "ಎಳ್ಳು ಎಷ್ಟು?" ಎಂದು ತಿರುಗಿ ನೋಡದೆ ಕೇಳಿದಳು.

"ನೀನೇ ಹೇಳು," ಎಂದಳು ಅತ್ತೆ, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಅವಳ ಹಿಂದೆ ನಡೆಯುತ್ತ.